ಬಳಸುವವನ ನೆಲೆಯಿಂದ ಅಳತೆ: ತಂತ್ರಾಂಶದ ಗುಣವನ್ನು ಕುರಿತ ಒಂದು ವಿಚಾರ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಜ್ಞಾನಪ್ರಸಾರಕ್ಕೆಂದು ಮೂಲಧನವನ್ನಿಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಂದು ಸಂಜೆಯನ್ನು ವಿಚಾರಕ್ಕೆ ಮೀಸಲಿಡುವ ಸಂಪ್ರದಾಯ ನಮ್ಮ ನಾಡಿನಲ್ಲಿ ಬೇರುಬಿಟ್ಟದ್ದು. ಅಂಥ ಸಂಜೆಗಳಲ್ಲಿ ಕಾವ್ಯ, ಶಾಸನ, ದರ್ಶನಗಳು ಪ್ರಸ್ತಾಪಕ್ಕೆ ಬಂದಷ್ಟು ಯಂತ್ರವಿದ್ಯೆ ಬಂದಿಲ್ಲವೆಂಬುದು ಸಹಜವೇ ಆದರೂ, ಪಡಿತರದ ಅಂಗಡಿಯಿಂದ ಬ್ಯಾಂಕಿನವರೆಗೆ, ಆಸ್ಪತ್ರೆಯ ಚೀಟಿಯಿಂದ ಜಮೀನಿನ ಪಹಣಿಯವರೆಗೆ ಪ್ರಜೆಯ ನಿತ್ಯವ್ಯವಹಾರಗಳೆಲ್ಲ ತಂತ್ರಾಂಶವನ್ನು ಹಾದುಹೋಗುತ್ತಿರುವ ಈ ಕಾಲದಲ್ಲಿ, ಅದರ ಗುಣದೋಷಗಳ ವಿವೇಚನೆಯನ್ನು ಅದನ್ನು ಬರೆಯುವವರ ಕೋಣೆಗಷ್ಟೇ ಬಿಟ್ಟುಕೊಡುವುದು ಯುಕ್ತವಲ್ಲ. ಸೇತುವೆ ಗಟ್ಟಿಯಾಗಿದೆಯೇ ಎಂದು ಕೇಳುವ ಅಧಿಕಾರ ದಾಟುವವನಿಗೆ ಇರುವಂತೆ, ತಂತ್ರಾಂಶ ಯೋಗ್ಯವಾಗಿದೆಯೇ ಎಂದು ಕೇಳುವ ಅಧಿಕಾರ ಅದಕ್ಕಾಗಿ ಸಾಲಿನಲ್ಲಿ ನಿಂತವನಿಗೆ ಇದೆ.

ನಾನು ಪ್ರತಿಪಾದಿಸಬೇಕೆಂದಿರುವುದು ಒಂದೇ ಮಾತು. ತಂತ್ರಾಂಶದ ಗುಣವನ್ನು ನಿರ್ಣಯಿಸುವ ಮಾನವು ಬಳಸುವವನ ಪ್ರಶ್ನೆಯಿಂದ ಹುಟ್ಟತಕ್ಕದ್ದು. ನಿರ್ಮಿಸುವವನ ಸೌಕರ್ಯದಿಂದ ಹುಟ್ಟಿದ ಮಾನ ಎಷ್ಟೇ ನಿಖರವಾಗಿದ್ದರೂ, ಅದು ನಿರ್ಮಾಪಕನ ಶ್ರಮವನ್ನು ತಿಳಿಸೀತೇ ವಿನಾ ನಿರ್ಮಿತಿಯ ಸಾರ್ಥಕತೆಯನ್ನು ತಿಳಿಸಲಾರದು.

1. ಗುಣದ ಎರಡು ಲಕ್ಷಣಗಳು

ಗುಣಮಟ್ಟದ ವಿಚಾರವನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಇಬ್ಬರು ಅಮೆರಿಕನ್ ಚಿಂತಕರ ಮತಗಳನ್ನು ಇಲ್ಲಿ ಎದುರುಬದುರಾಗಿ ಇಡಬಹುದು. ಗೊತ್ತುಪಡಿಸಿದ ಅಗತ್ಯಗಳಿಗೆ ವಸ್ತು ಅನುಗುಣವಾಗಿರುವುದೇ ಗುಣವೆಂದು ಫಿಲಿಪ್ ಕ್ರಾಸ್ಬಿ ಹೇಳಿದರೆ, ಬಳಕೆಗೆ ಯೋಗ್ಯವಾಗಿರುವುದೇ ಗುಣವೆಂದು ಜೋಸೆಫ್ ಜುರಾನ್ ಹೇಳಿದರು. ಕಬ್ಬಿಣದ ತಿರುಪುಮೊಳೆಯ ವಿಷಯದಲ್ಲಿ ಈ ಎರಡು ಲಕ್ಷಣಗಳಿಗೆ ಹೆಚ್ಚಿನ ಅಂತರವಿಲ್ಲ. ಏಕೆಂದರೆ ಮೊಳೆಯ ಉದ್ದವೂ ದಪ್ಪವೂ ಎಷ್ಟಿರಬೇಕೆಂಬುದು ಅದು ತಯಾರಾಗುವ ಮೊದಲೇ ನಿಶ್ಚಯವಾಗಿರುತ್ತದೆ. ತಂತ್ರಾಂಶದ ಸ್ಥಿತಿ ಹಾಗಲ್ಲ. ಇಲ್ಲಿ ಅಗತ್ಯಗಳನ್ನು ವಿವರಿಸುವ ಕಾಗದವೇ ಬಹುಮಟ್ಟಿಗೆ ಊಹೆ. ಆ ಊಹೆಗೆ ಅಕ್ಷರಶಃ ಅನುಗುಣವಾಗಿ, ಒಂದು ದೋಷವೂ ಇಲ್ಲದಂತೆ ರಚಿತವಾದ ತಂತ್ರಾಂಶವು, ಊಹೆಯೇ ತಪ್ಪಾಗಿದ್ದ ಕಾರಣ ಯಾರಿಗೂ ಬೇಡವಾಗುವುದುಂಟು. ಆದುದರಿಂದ ನಮ್ಮ ವಿಷಯದಲ್ಲಿ ಜುರಾನರ ಲಕ್ಷಣವೇ ಮೊದಲು ಬರಬೇಕು. ಕ್ರಾಸ್ಬಿಯವರದು ಅದರ ಹಿಂದೆ ಬರಬೇಕು.

2. ನಿರ್ಮಾಪಕನ ಅಳತೆಗಳು

ಅಳೆಯಲು ಸುಲಭವಾದದ್ದನ್ನೇ ಅಳೆದು, ಅದನ್ನೇ ಮುಖ್ಯವೆಂದು ನಂಬುವುದು ಎಲ್ಲ ಉದ್ಯೋಗಗಳಿಗೂ ಅಂಟಿದ ವ್ಯಾಧಿ. ತಂತ್ರಾಂಶದಲ್ಲಿ ಸುಲಭವಾಗಿ ಕೈಗೆ ಸಿಕ್ಕುವುದು ಬರೆದ ಸಾಲುಗಳ ಸಂಖ್ಯೆ. 1982ರಲ್ಲಿ ಆ್ಯಪಲ್ ಸಂಸ್ಥೆಯಲ್ಲಿ ಲೀಸಾ ಎಂಬ ಗಣಕದ ನಿರ್ಮಾಣ ನಡೆಯುತ್ತಿದ್ದಾಗ, ಪ್ರತಿಯೊಬ್ಬನೂ ವಾರಕ್ಕೆ ಎಷ್ಟು ಸಾಲು ಬರೆದನೆಂಬುದನ್ನು ನಮೂನೆಯೊಂದರಲ್ಲಿ ತುಂಬಬೇಕೆಂದು ವ್ಯವಸ್ಥಾಪಕರು ಕಟ್ಟಳೆ ಮಾಡಿದರು. ತೆರೆಯ ಮೇಲೆ ಚಿತ್ರ ಬಿಡಿಸುವ ಕ್ವಿಕ್‌ಡ್ರಾ ಎಂಬ ಭಾಗವನ್ನು ರಚಿಸುತ್ತಿದ್ದ ಬಿಲ್ ಆಟ್ಕಿನ್ಸನ್ ಆಗಷ್ಟೇ ಅದರ ಒಂದು ಅಂಗವನ್ನು ಹೊಸ ಕ್ರಮದಿಂದ ಪುನಃ ಬರೆದು, ಅದರ ವೇಗವನ್ನು ಸುಮಾರು ಆರು ಪಟ್ಟು ಹೆಚ್ಚಿಸಿದ್ದರು. ಆ ಕೆಲಸದಲ್ಲಿ ಸುಮಾರು 2,000 ಸಾಲುಗಳು ಉಳಿತಾಯವಾಗಿದ್ದವು. ನಮೂನೆಯ ಆ ಮನೆಯಲ್ಲಿ ಅವರು ತುಂಬಿದ ಸಂಖ್ಯೆ, ಋಣ 2,000. ಕೆಲವು ವಾರಗಳಲ್ಲಿ ಆ ನಮೂನೆಯನ್ನು ತುಂಬುವಂತೆ ಅವರನ್ನು ಕೇಳುವುದೇ ನಿಂತುಹೋಯಿತೆಂದು ಸಹೋದ್ಯೋಗಿ ಆ್ಯಂಡಿ ಹರ್ಟ್ಸ್‌ಫೆಲ್ಡ್ ಬರೆದಿಟ್ಟಿದ್ದಾರೆ. ಆ ನಮೂನೆಗೆ ಉತ್ತಮ ಕೆಲಸವನ್ನು ನಷ್ಟದ ರೂಪದಲ್ಲಿ ಮಾತ್ರ ಕಾಣಲು ಸಾಧ್ಯವಿತ್ತು.

ನಮ್ಮ ಬೆಂಗಳೂರಿನ ಇತಿಹಾಸ ಈ ಪ್ರಕರಣಕ್ಕೆ ಇನ್ನೊಂದು ಮಗ್ಗುಲನ್ನು ಒದಗಿಸುತ್ತದೆ. ವಾಟ್ಸ್ ಹಂಫ್ರಿಯವರ ಚಿಂತನೆಯ ಫಲವಾಗಿ, ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ, ತಂತ್ರಾಂಶ ಸಂಸ್ಥೆಗಳ ಕಾರ್ಯಪದ್ಧತಿಯನ್ನು ಐದು ಮೆಟ್ಟಿಲುಗಳಲ್ಲಿ ಅಳೆಯುವ ಸಿ.ಎಂ.ಎಂ. ಎಂಬ ಮಾದರಿ ರೂಪುಗೊಂಡಿತಷ್ಟೆ. 1990ರ ದಶಕದಲ್ಲಿ ಈ ನಗರದ ಸಂಸ್ಥೆಗಳು ಅದರ ಐದನೆಯ ಮೆಟ್ಟಿಲನ್ನು ಏರಿ ಜಗತ್ತಿನ ಗಮನ ಸೆಳೆದವು. ಆ ಸಾಧನೆಯನ್ನು ಅಲ್ಪವೆಂದು ನಾನು ಎಣಿಸುವುದಿಲ್ಲ. ಸಾಗರದಾಚೆಯ ಅಪರಿಚಿತ ಗ್ರಾಹಕನಿಗೆ, ಈ ಜನ ಹೇಳಿದ ಕೆಲಸವನ್ನು ಹೇಳಿದ ಅವಧಿಯಲ್ಲಿ ಅಚ್ಚುಕಟ್ಟಾಗಿ ಮಾಡಿಕೊಡಬಲ್ಲರೆಂಬ ಭರವಸೆಯನ್ನು ಕೊಟ್ಟದ್ದು ಆ ಶಿಸ್ತೇ. ಆದರೆ ಏನು ಬೇಕೆಂಬುದನ್ನು ಗ್ರಾಹಕನೇ ಬರೆದು ಕಳುಹಿಸುತ್ತಿದ್ದ ಆ ವ್ಯವಹಾರದಲ್ಲಿ, ಕೆಲಸದ ಬೆಲೆ ಆಳು-ತಿಂಗಳುಗಳಲ್ಲಿ ನಿಶ್ಚಯವಾಗುತ್ತಿತ್ತು; ಅಂತಿಮವಾಗಿ ಅದನ್ನು ಬಳಸುವವನ ಮುಖವನ್ನು ನೋಡುವ ಪ್ರಮೇಯವೇ ಬಹುಮಂದಿಗೆ ಒದಗುತ್ತಿರಲಿಲ್ಲ. ಸೇವೆಯನ್ನು ಮಾರುವವನಿಗೆ ಕೈಪಿಡಿ ಹೊರಗಿನಿಂದ ಬರುತ್ತದೆ. ಸ್ವಂತ ಉತ್ಪನ್ನವನ್ನು ಕಟ್ಟುವವನು ಅದನ್ನು ಬಳಸುವವನ ಬದುಕಿನಿಂದಲೇ ಓದಿಕೊಳ್ಳಬೇಕು.

3. ಬಳಸುವವನನ್ನು ಕಾಣುವ ಬಗೆ

ಹಾಗೆ ಓದಿಕೊಂಡವರ ದೃಷ್ಟಾಂತಕ್ಕೆ ದೂರ ಹೋಗಬೇಕಾಗಿಲ್ಲ. 1986ರಲ್ಲಿ, ಇದೇ ಬೆಂಗಳೂರಿನಲ್ಲಿ, ಕಾರ್ಖಾನೆಗಳಿಗೂ ಬಟ್ಟೆಯ ಗಿರಣಿಗಳಿಗೂ ಸಾಮಗ್ರಿ ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರು ತಮ್ಮ ಲೆಕ್ಕವಿಡಲು ಮಾರುಕಟ್ಟೆಯಲ್ಲಿ ತೃಪ್ತಿಕರವಾದ ತಂತ್ರಾಂಶ ಸಿಗದೆ, ಗಣಿತದ ಪದವೀಧರರಾದ ಮಗ ಭರತ್ ಗೋಯೆಂಕಾ ಅವರಿಗೆ ಆ ಕೆಲಸವನ್ನು ಒಪ್ಪಿಸಿದರು. ಟ್ಯಾಲಿ ಎಂದು ಹೆಸರಾದ ಉತ್ಪನ್ನದ ಮೂಲ ಅದು. ಅಂದಿನ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತಸಂಖ್ಯೆಯನ್ನು ಕೊಟ್ಟು, ನಮೂದಿಸುವಾಗಲೆಲ್ಲ ಅದನ್ನು ನೆನಪಿಟ್ಟು ಒತ್ತಬೇಕಾಗಿತ್ತು. ಅದು ಯಂತ್ರಕ್ಕೆ ಅನುಕೂಲ, ಗುಮಾಸ್ತನಿಗೆ ಕಷ್ಟ. ವ್ಯಾಪಾರಿಯಾದವನು ತನ್ನ ಗಿರಾಕಿಯನ್ನು ಹೆಸರು ಹಿಡಿದು ನೆನೆಯುತ್ತಾನೆಂಬ ಸಾಮಾನ್ಯ ಸತ್ಯವನ್ನು ಅಂಗೀಕರಿಸಿ, ಟ್ಯಾಲಿಯು ಸಂಕೇತಗಳ ಹಂಗನ್ನು ತೊರೆದು, ಹೆಸರಿನಿಂದಲೇ ಲೆಕ್ಕ ನಡೆಯುವಂತೆ ಮಾಡಿತು. ಮುಂದೆ ಅದು ಭಾರತದ ಅಂಗಡಿ ಮುಂಗಟ್ಟುಗಳಲ್ಲಿ ಮನೆಮಾತಾದುದಕ್ಕೆ ಕಾರಣಗಳು ಹಲವು. ಆದರೆ ಯಂತ್ರದ ಭಾರವನ್ನು ಮನುಷ್ಯನ ತಲೆಯ ಮೇಲಿಂದ ಇಳಿಸಿ ಯಂತ್ರದ ಮೇಲೆಯೇ ಹೊರಿಸಿದ ಆ ನಿರ್ಧಾರಕ್ಕೆ ಅವುಗಳಲ್ಲಿ ಹಿರಿಯ ಸ್ಥಾನವುಂಟು.

ಇದೇ ದಶಕದಲ್ಲಿ ಅಮೆರಿಕದಲ್ಲಿ ಸ್ಕಾಟ್ ಕುಕ್ ಮತ್ತು ಟಾಮ್ ಪ್ರೂ ಅವರು 1983ರಲ್ಲಿ ಸ್ಥಾಪಿಸಿದ ಇಂಟ್ಯೂಟ್ ಸಂಸ್ಥೆಯು, ಮನೆಯ ಜಮಾಖರ್ಚಿಗೆಂದು ಕ್ವಿಕನ್ ಎಂಬ ತಂತ್ರಾಂಶವನ್ನು ಹೊರತಂದಿತು. ಅದನ್ನು ಹೊಸದಾಗಿ ಕೊಂಡವರನ್ನು ವಿನಯದಿಂದ ಕೇಳಿಕೊಂಡು, ಅವರ ಮನೆಗೇ ಹಿಂಬಾಲಿಸಿ ಹೋಗಿ, ಪೆಟ್ಟಿಗೆಯನ್ನು ಬಿಚ್ಚುವುದರಿಂದ ಮೊದಲುಗೊಂಡು ಅವರು ಮಾಡುವುದನ್ನೆಲ್ಲ ಪಕ್ಕದಲ್ಲಿ ಕುಳಿತು ನೋಡುವುದು ಆ ಸಂಸ್ಥೆಯ ಪದ್ಧತಿಯಾಯಿತು. ನೋಡಲು ಹೋದವನು ಕಲಿಸಲು ಹೋಗಕೂಡದು. ಬಳಸುವವನ ಕೈ ಎಲ್ಲಿ ತಡೆಯಿತು, ಹುಬ್ಬು ಎಲ್ಲಿ ಗಂಟಿಕ್ಕಿತು, ತಪ್ಪು ಗುಂಡಿಯನ್ನು ಒತ್ತಿ ಎಲ್ಲಿ ಹಿಂದಿರುಗಿದ ಎಂಬುದನ್ನು ಸುಮ್ಮನೆ ಗುರುತುಮಾಡಿಕೊಂಡು ಬರಬೇಕು. ಪ್ರಶ್ನಾವಳಿಯನ್ನು ಮುಂದಿಟ್ಟರೆ, ಸಜ್ಜನನಾದ ಗ್ರಾಹಕ ಎಲ್ಲವೂ ಚೆನ್ನಾಗಿದೆಯೆಂದು ಬರೆದುಕೊಡುತ್ತಾನೆ. ಅವನ ಬೆರಳಿಗೆ ಅಂಥ ದಾಕ್ಷಿಣ್ಯವಿಲ್ಲ. ಮನೆಗೆಂದು ರಚಿಸಿದ ಕ್ವಿಕನನ್ನು ಅನೇಕರು ತಮ್ಮ ಸಣ್ಣ ವ್ಯಾಪಾರದ ಲೆಕ್ಕಕ್ಕೆ ಬಳಸುತ್ತಿದ್ದರೆಂಬುದೂ, ಅವರಿಗೆ ಜಮೆ ಖರ್ಚುಗಳ ದ್ವಿನಮೂದು ಶಾಸ್ತ್ರ ತಿಳಿಯದೆಂಬುದೂ ಕ್ರಮೇಣ ಮನದಟ್ಟಾಗಿ, 1992ರಲ್ಲಿ ಕ್ವಿಕ್‌ಬುಕ್ಸ್ ಎಂಬ ಬೇರೊಂದು ಉತ್ಪನ್ನ ಹೊರಬಂದಿತು. ಗ್ರಾಹಕರು ಬಾಯಿಬಿಟ್ಟು ಕೇಳಿರದಿದ್ದ ವಸ್ತುವನ್ನು ಅವರ ನಡೆಯೇ ಕೇಳಿತ್ತು.

4. ಒಂದು ಕೌಂಟರಿನ ವೃತ್ತಾಂತ

ಮೇಲಿನ ಎರಡು ಪ್ರಸಂಗಗಳಲ್ಲೂ ಹಣ ಕೊಡುವವನೇ ಬಳಸುವವನು. ಹಿಡಿಸದಿದ್ದರೆ ಬಿಡುವ ಸ್ವಾತಂತ್ರ್ಯ ಅವನಿಗುಂಟು. ಸರ್ಕಾರದ ತಂತ್ರಾಂಶದಲ್ಲಿ ಈ ಸರಳತೆ ಇಲ್ಲ. ಹಣ ಕೊಡುವುದು ಇಲಾಖೆ, ಗುಂಡಿ ಒತ್ತುವುದು ಗುಮಾಸ್ತ, ಫಲವನ್ನು ಉಣ್ಣುವವನು ಪ್ರಜೆ. ಮೂವರ ಹಿತಗಳೂ ಒಂದೇ ಎಂದು ಭಾವಿಸಿ ಹೊರಟರೆ, ಮೂರನೆಯವನೇ ಲೆಕ್ಕದಿಂದ ಜಾರಿಹೋಗುತ್ತಾನೆ. ಈ ದೃಷ್ಟಿಯಿಂದ ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ಕೊಂಚ ಸಾವಧಾನವಾಗಿ ನೋಡುವುದು ಉಚಿತ.

ಜಮೀನಿನ ಹಕ್ಕು, ಗೇಣಿ, ಬೆಳೆಗಳ ವಿವರವುಳ್ಳ ಪಹಣಿಯು ರೈತನಿಗೆ ಬ್ಯಾಂಕಿನ ಸಾಲಕ್ಕೆ, ಜಾಮೀನಿಗೆ, ಕ್ರಯಕ್ಕೆ, ವ್ಯಾಜ್ಯಕ್ಕೆ ಬೇಕೇ ಬೇಕಾದ ಪತ್ರ. ಕೈಬರಹದ ಕಾಲದಲ್ಲಿ ಅದರ ಪುಸ್ತಕಗಳು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಲೆಕ್ಕಿಗರು ಸಿಕ್ಕಿದ ದಿನವೇ ಸುದಿನ, ಅವರು ಪ್ರಸನ್ನರಾದ ದಿನವೇ ಕಾರ್ಯಸಿದ್ಧಿ. 1990ರ ದಶಕದಲ್ಲಿ ನಡೆದ ಗಣಕೀಕರಣದ ಮೊದಲ ಯತ್ನಗಳಲ್ಲಿ ದಾಖಲೆಗಳನ್ನು ಗಣಕಕ್ಕೆ ತುಂಬಿದ್ದೇನೋ ಆಯಿತು. ಆದರೆ ಖಾತೆ ಬದಲಾವಣೆಯ ಕೆಲಸ ದಿನದಿನವೂ ನಡೆಯುವ ತಾಲ್ಲೂಕಿನಲ್ಲಿ ಗಣಕವಿರಲಿಲ್ಲ. ಹೊಲಗಳು ಕೈಬದಲಾಗುತ್ತ ಹೋದಂತೆ ತುಂಬಿಟ್ಟ ಮಾಹಿತಿ ಹಳಸಿತು. ತುಂಬಿದ ದಾಖಲೆಗಳ ಸಂಖ್ಯೆಯನ್ನಷ್ಟೇ ನೋಡಿದವನಿಗೆ ಅದು ಪ್ರಗತಿಯೆಂದೇ ತೋರಿರಬೇಕು.

ಶತಮಾನದ ತಿರುವಿನಲ್ಲಿ, ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಕಂದಾಯ ಇಲಾಖೆಯೂ, ತಂತ್ರಾಂಶವನ್ನು ರಚಿಸಿದ, ಕೇಂದ್ರ ಸರ್ಕಾರದ ಗಣಕಸಂಸ್ಥೆಯಾದ ಎನ್.ಐ.ಸಿ.ಯೂ ಕೂಡಿ ನಡೆಸಿದ ‘ಭೂಮಿ’ಯು ಈ ಕೊರತೆಯನ್ನು ಅರಿತು, ಗಣಕವನ್ನು ತಾಲ್ಲೂಕು ಕಚೇರಿಗೇ ತಂದಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು 177 ತಾಲ್ಲೂಕುಗಳಲ್ಲಿ ಗಣಕಕ್ಕೆ ಬಂದವು. 15 ರೂಪಾಯಿ ಶುಲ್ಕ ಕೊಟ್ಟವನಿಗೆ ಪಹಣಿ ಅಲ್ಲಿಯೇ ಕೈಸೇರುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಇದೆಲ್ಲ ಪ್ರಸಿದ್ಧವಾದ ಸಂಗತಿ. ನಾನು ತೋರಿಸಬೇಕೆಂದಿರುವುದು ಅದರ ಎರಡು ಸಣ್ಣ ಏರ್ಪಾಡುಗಳನ್ನು.

ಮೊದಲನೆಯದು ಕೌಂಟರಿನ ಮೇಲಿದ್ದ ಎರಡನೆಯ ತೆರೆ. ಕುಳಿತ ನೌಕರನ ಮುಂದೆ ಒಂದು ತೆರೆಯಿದ್ದರೆ, ಅದರಲ್ಲಿ ಮೂಡಿದ್ದನ್ನೇ ತೋರಿಸುವ ಇನ್ನೊಂದು ತೆರೆಯನ್ನು ನಿಂತ ರೈತನ ಕಡೆಗೆ ತಿರುಗಿಸಿ ಇರಿಸಲಾಯಿತು. ಸರ್ವೆ ನಂಬರು ಸರಿಯೇ, ತಂದೆಯ ಹೆಸರು ಸರಿಯೇ, ಎಕರೆ ಗುಂಟೆಗಳು ಸರಿಯೇ ಎಂಬುದನ್ನು ಕಾಗದ ಅಚ್ಚಾಗುವ ಮೊದಲೇ ರೈತನು ತಾನೋ, ಓದಬಲ್ಲ ಜೊತೆಗಾರನ ಮೂಲಕವೋ ನೋಡಿಕೊಳ್ಳಬಹುದಾಯಿತು. ಎರಡನೆಯದು ಸರತಿಯ ನಿಯಮ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬ ಕಟ್ಟನ್ನು ತಂತ್ರಾಂಶದ ಒಳಗೇ ಹೆಣೆದುಬಿಟ್ಟರು. ಹಿಂದೆ ಬಂದವನ ಅರ್ಜಿಯನ್ನು ಮುಂದಕ್ಕೆಳೆದುಕೊಳ್ಳಲು ಯಂತ್ರ ಒಪ್ಪುವುದಿಲ್ಲ. ದಾಖಲೆಯನ್ನು ಮುಟ್ಟಿದವನು ಯಾರೆಂಬುದಕ್ಕೆ ಬೆರಳಚ್ಚಿನ ಗುರುತು ಸಾಕ್ಷಿ. ಸಾಲಿನಲ್ಲಿ ನಿಂತವನ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡೇ: ನನ್ನ ಹೆಸರು ಸರಿಯಾಗಿ ಬಂದಿದೆಯೇ, ನನ್ನ ಸರದಿಯನ್ನು ಬೇರೊಬ್ಬ ಕಸಿದನೇ. ಈ ಎರಡು ಪ್ರಶ್ನೆಗಳಿಗೆ ನೇರವಾದ ಉತ್ತರವಾಗಿ ಹುಟ್ಟಿದುದರಿಂದಲೇ ಆ ಏರ್ಪಾಡುಗಳು ಉಳಿದ ಎಷ್ಟೋ ಚಮತ್ಕಾರಗಳಿಗಿಂತ ಮಿಗಿಲಾದವು.

ಇನ್ನು, ಇಂಥ ಯೋಜನೆಯ ಯಶಸ್ಸನ್ನು ವಿತರಿಸಿದ ಪಹಣಿಗಳ ಸಂಖ್ಯೆಯಿಂದ ಅಳೆಯುವ ಅಭ್ಯಾಸವನ್ನು ಪರೀಕ್ಷಿಸೋಣ. ಸಂಖ್ಯೆ ಹೆಚ್ಚಿದರೆ ಸೇವೆ ಹೆಚ್ಚಿತೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಹಳೆಯ ಪುಸ್ತಕದ ತಪ್ಪು ಗಣಕಕ್ಕೂ ಇಳಿದು, ತಿದ್ದುಪಡಿಗಾಗಿ ತಹಸೀಲ್ದಾರರ ಬಳಿಗೂ ಉಪವಿಭಾಗಾಧಿಕಾರಿಗಳ ನ್ಯಾಯಾಲಯಕ್ಕೂ ಅಲೆಯುತ್ತಿರುವವನು ಪ್ರತಿ ಸಲವೂ ಒಂದು ಪಹಣಿ ತೆಗೆಸುತ್ತಾನೆ. ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿ ಪೋಡಿಯಾಗದೆ, ಎಂದರೆ ಹಿಸ್ಸೆ ಬೇರ್ಪಡದೆ, ಸಿಕ್ಕಿಕೊಂಡವನೂ ತೆಗೆಸುತ್ತಾನೆ. ಅವರ ಸಂಕಟವೂ ಆ ಸಂಖ್ಯೆಯಲ್ಲಿ ಸಾಧನೆಯಾಗಿಯೇ ಎಣಿಕೆಯಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಬ್ಯಾಂಕು ತಾನೇ ದಾಖಲೆಯನ್ನು ಗಣಕದಲ್ಲಿ ನೋಡಿಕೊಂಡು, ರೈತನು ಕಾಗದ ತರುವ ಅಗತ್ಯವೇ ಇಲ್ಲದಂತಾದ ದಿನ, ಸೇವೆ ಉತ್ತಮವಾಗಿರುತ್ತದೆ, ಪಹಣಿಯ ಸಂಖ್ಯೆ ಇಳಿದಿರುತ್ತದೆ. ಒಂದೇ ಅಂಕಿ ಏರುವುದು ಒಂದು ಕಾಲದಲ್ಲಿ ಶುಭವಾಗಿ, ಇನ್ನೊಂದು ಕಾಲದಲ್ಲಿ ಅಶುಭವಾಗಬಹುದೆಂಬುದನ್ನು ಅಳೆಯುವವನು ಮೊದಲೇ ಯೋಚಿಸಿರಬೇಕು. ತೋಟಕ್ಕೆ ಹರಿಸಿದ ನೀರನ್ನು ಬಾವಿಯ ಬಾಯಲ್ಲಿ ಅಳೆದರೆ ಪಂಪಿನ ಶಕ್ತಿ ತಿಳಿದೀತು. ತೋಟದ ಸ್ಥಿತಿ ತಿಳಿಯಬೇಕಾದರೆ ಕೊನೆಯ ಸಾಲಿನ ಗಿಡದ ಬುಡವನ್ನು ಮುಟ್ಟಿ ನೋಡಬೇಕು.

5. ಮಾನವನ್ನು ಆರಿಸುವ ಕ್ರಮ

ಹಾಗಾದರೆ ಯೋಗ್ಯವಾದ ಮಾನವನ್ನು ಆರಿಸುವುದಕ್ಕೆ ಕ್ರಮವೊಂದುಂಟೇ? ಉಂಟು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ವಿಕ್ಟರ್ ಬ್ಯಾಸಿಲಿ ಅವರು, ನಾಸಾ ಸಂಸ್ಥೆಯ ಗಾಡರ್ಡ್ ಕೇಂದ್ರದ ತಂತ್ರಾಂಶಗಳನ್ನು ಅಭ್ಯಸಿಸುತ್ತ, ಸಹೋದ್ಯೋಗಿಗಳೊಡನೆ ರೂಪಿಸಿದ ಒಂದು ವಿಧಾನದಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲು ಉದ್ದೇಶವನ್ನು ಹೇಳಬೇಕು. ಉದ್ದೇಶ ನೆರವೇರಿತೇ ಎಂಬುದನ್ನು ತಿಳಿಯಲು ಕೇಳಬೇಕಾದ ಪ್ರಶ್ನೆಗಳನ್ನು ಅನಂತರ ಬರೆಯಬೇಕು. ಆ ಪ್ರಶ್ನೆಗಳಿಗೆ ಉತ್ತರ ಕೊಡುವ ಅಂಕಿಗಳನ್ನು ಕೊನೆಯಲ್ಲಿ ಹುಡುಕಬೇಕು. ಲೋಕರೂಢಿ ಇದರ ತಲೆಕೆಳಗು: ಸಿಕ್ಕಿದ ಅಂಕಿಗಳನ್ನೆಲ್ಲ ಫಲಕದ ಮೇಲೆ ಬಣ್ಣಬಣ್ಣವಾಗಿ ಹರಡಿ, ಅವು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಆಮೇಲೆ ಕಂಡುಕೊಳ್ಳಲು ಹೆಣಗುವುದು. ತಾಲ್ಲೂಕಿನ ಕೌಂಟರಿಗೆ ಈ ವಿಧಾನವನ್ನು ಅನ್ವಯಿಸಿದರೆ, ರೈತನು ಒಂದೇ ಭೇಟಿಯಲ್ಲಿ ಸರಿಯಾದ ಪಹಣಿಯೊಡನೆ ಮನೆಗೆ ಹಿಂದಿರುಗಬೇಕೆಂಬುದು ಉದ್ದೇಶ. ಒಂದೇ ಕೆಲಸಕ್ಕೆ ಎರಡನೆಯ ಸಲ ಬಂದವರೆಷ್ಟು, ಪತ್ರ ಪಡೆದ ಮೇಲೆ ತಿದ್ದುಪಡಿಗೆ ಅರ್ಜಿಯಿಟ್ಟವರೆಷ್ಟು, ಹಿಂದಿರುಗಿದವರು ಯಾವ ಕಾರಣದಿಂದ ಬರಿಗೈಯಲ್ಲಿ ಹೋದರು ಎಂಬುವು ಪ್ರಶ್ನೆಗಳು. ಅಂಕಿಗಳು ಆಗ ತಾವಾಗಿಯೇ ಗೋಚರಿಸುತ್ತವೆ.

ಅಂಕಿಗಳು ದೊರೆತ ಮೇಲೆಯೂ ಎರಡು ಅಪಾಯಗಳಿವೆ. ಸರಾಸರಿಯ ಮೋಹ ಮೊದಲನೆಯದು. ಒಂದು ಸೇವೆಯನ್ನು ನೂರು ಜನ ಬಳಸಿ, ತೊಂಬತ್ತೊಂಬತ್ತು ಮಂದಿಗೆ ಒಂದು ಸೆಕೆಂಡಿನಲ್ಲಿಯೂ ಒಬ್ಬನಿಗೆ ನೂರೊಂದು ಸೆಕೆಂಡಿನಲ್ಲಿಯೂ ಉತ್ತರ ಬಂದರೆ, ಸರಾಸರಿ ಎರಡು ಸೆಕೆಂಡು. ಆ ಎರಡು ಸೆಕೆಂಡಿನ ಅನುಭವವಾದವನು ನೂರರಲ್ಲಿ ಒಬ್ಬನೂ ಇಲ್ಲ. ಹೆಚ್ಚು ಕಾದವನು ಬಹುಶಃ ದುರ್ಬಲವಾದ ಸಂಪರ್ಕವುಳ್ಳ ಹಳ್ಳಿಯವನು, ಹಳೆಯ ಫೋನಿನವನು. ಯಾರಿಗೆ ನೆರವು ಹೆಚ್ಚು ಬೇಕೋ ಅವನನ್ನೇ ಸರಾಸರಿಯು ಮರೆಮಾಚುತ್ತದೆ. ಆದುದರಿಂದ ಬಲ್ಲವರು ನೂರರಲ್ಲಿ ತೊಂಬತ್ತೊಂಬತ್ತನೆಯವನಿಗೆ ಎಷ್ಟು ಹೊತ್ತಾಯಿತೆಂದು ಕೇಳುತ್ತಾರೆ, ಉಳಿದ ಒಬ್ಬನನ್ನು ಬೇರೆಯಾಗಿ ವಿಚಾರಿಸುತ್ತಾರೆ. ಏರಿಳಿತಗಳಲ್ಲಿ ಸ್ವಾಭಾವಿಕವಾದವು ಯಾವುವು, ಹುಡುಕಿ ತೆಗೆಯಬೇಕಾದ ಕಾರಣವುಳ್ಳವು ಯಾವುವು ಎಂದು ವಿಂಗಡಿಸುವ ನಕ್ಷೆಯನ್ನು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೆವಾರ್ಟ್ 1924ರಷ್ಟು ಹಿಂದೆಯೇ ರಚಿಸಿದ್ದರು. ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ ಶೆವಾರ್ಟ್ ಅವರು 1947-48ರಲ್ಲಿ ಭಾರತಕ್ಕೂ ಬಂದಿದ್ದರು. ಸ್ವತಂತ್ರ ಭಾರತದ ಕೈಗಾರಿಕೆಗೆ ಆ ವಿವೇಕ ಅದರ ಶೈಶವದಲ್ಲಿಯೇ ದೊರೆತಿತ್ತೆಂಬುದನ್ನು ಇಂದಿನ ತರುಣರು ಅರಿಯುವುದು ಒಳ್ಳೆಯದು.

ಎರಡನೆಯ ಅಪಾಯ ಇನ್ನೂ ಸೂಕ್ಷ್ಮವಾದುದು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರು 1975ರಲ್ಲಿ ಹಣದ ನೀತಿಯ ಪ್ರಸಂಗದಲ್ಲಿ ಹೇಳಿದ ತತ್ತ್ವ ಈಗ ಎಲ್ಲ ಕ್ಷೇತ್ರಗಳಿಗೂ ಹಬ್ಬಿದೆ: ಯಾವ ಮಾನವನ್ನು ಗುರಿಯನ್ನಾಗಿ ಮಾಡುತ್ತೇವೆಯೋ ಅದು ಮಾನವಾಗಿ ಉಳಿಯುವುದಿಲ್ಲ. ದೂರುಗಳನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕೆಂದು ವಿಧಿಸಿದರೆ, ದೂರು ಪರಿಹಾರವಾಗದೆಯೇ ಮುಗಿದಿದೆಯೆಂಬ ಮುದ್ರೆ ಬೀಳುತ್ತದೆ. ಕಂಡುಹಿಡಿದ ದೋಷಗಳ ಸಂಖ್ಯೆಯಿಂದ ಪರೀಕ್ಷಕನ ಯೋಗ್ಯತೆಯನ್ನು ಅಳೆದರೆ, ಕ್ಷುಲ್ಲಕ ದೋಷಗಳು ರಾಶಿಬಿದ್ದು ಘನವಾದದ್ದು ಅವುಗಳಡಿ ಹುದುಗಿಹೋಗುತ್ತದೆ. ಇದು ಜನರ ಕೆಡುಕುತನವೆಂದು ದೂಷಿಸಿ ಫಲವಿಲ್ಲ. ಕೇಳಿದ್ದನ್ನು ಕೊಡುವುದು ಮನುಷ್ಯಸ್ವಭಾವ. ಪ್ರತಿಯೊಂದು ಮಾನದ ಜೊತೆಗೂ ಅದರ ದುರುಪಯೋಗವನ್ನು ಬಯಲಿಗೆಳೆಯುವ ಪ್ರತಿಮಾನವೊಂದನ್ನು ಇಡುವುದೇ ಇದಕ್ಕೆ ಮದ್ದು. ಮುಗಿಸಿದ ದೂರುಗಳ ಪಕ್ಕದಲ್ಲಿ ಮತ್ತೆ ತೆರೆದ ದೂರುಗಳು, ವೇಗದ ಪಕ್ಕದಲ್ಲಿ ತಪ್ಪು, ಹೊಸದಾಗಿ ಸೇರಿದ ಗ್ರಾಹಕರ ಪಕ್ಕದಲ್ಲಿ ಸದ್ದಿಲ್ಲದೆ ಬಿಟ್ಟುಹೋದವರು, ಹೀಗೆ ಜೋಡಿಯಾಗಿ ನಿಂತಾಗ ಒಂದು ಅಂಕಿಯ ಸುಳ್ಳನ್ನು ಇನ್ನೊಂದು ಬಯಲುಮಾಡಿಬಿಡುತ್ತದೆ.

6. ಉಪಸಂಹಾರ

ಇಷ್ಟನ್ನೆಲ್ಲ ಹೇಳಿದ ಮೇಲೆ, ತಂತ್ರಾಂಶವನ್ನು ರಚಿಸುವ ತರುಣರಿಗೆ ನನ್ನ ವಿಜ್ಞಾಪನೆ ಸ್ವಲ್ಪವೇ. ನೀವು ರಚಿಸಿದ್ದನ್ನು ಬಳಸುವವರ ಪಕ್ಕದಲ್ಲಿ ಆಗಾಗ್ಗೆ ಕುಳಿತುಕೊಳ್ಳಿ. ಬಾಯಿಗೆ ಬೀಗ ಹಾಕಿ ಕಣ್ಣನ್ನು ತೆರೆದಿಡಿ. ಅವರು ಎಡವಿದ ಜಾಗವನ್ನು ಪ್ರಶ್ನೆಯಾಗಿ ಬರೆದುಕೊಂಡು, ಆ ಪ್ರಶ್ನೆಗೆ ತಕ್ಕ ಅಳತೆಯನ್ನು ಆಮೇಲೆ ನಿಶ್ಚಯಿಸಿ. ಪ್ರಶ್ನೆ ತೀರಿದ ಮೇಲೆ ಆ ಅಳತೆಯನ್ನು ಸಂಕೋಚವಿಲ್ಲದೆ ಕೈಬಿಡಿ. ಹಿಂದಿನವರು ಅಳೆಯುತ್ತಿದ್ದರೆಂಬ ಒಂದೇ ಕಾರಣದಿಂದ ಅಳೆಯುತ್ತ ಕೂರುವ ಸಂಸ್ಥೆಗೆ ಅಂಕಿಗಳು ಶ್ರಾದ್ಧದ ಮಂತ್ರದಂತಾಗುತ್ತವೆ.

ಸಂಸ್ಥೆಗಳನ್ನೂ ಇಲಾಖೆಗಳನ್ನೂ ನಡೆಸುವವರಿಗೆ ಹೇಳಬೇಕಾದದ್ದು ಬೇರೆ. ಯಾವುದನ್ನು ಅಳೆಯಬೇಕೆಂದು ಆರಿಸುವ ಕ್ಷಣದಲ್ಲಿಯೇ ಯಾರ ಕಷ್ಟ ಲೆಕ್ಕಕ್ಕೆ ಬರಬೇಕು, ಯಾರದು ಬರಬಾರದು ಎಂಬ ನಿರ್ಣಯವೂ ಆಗಿಹೋಗುತ್ತದೆ. ಅದು ಗಣಿತದ ಮುಸುಕು ಹೊದ್ದ ನೀತಿಯ ನಿರ್ಣಯ; ಅದನ್ನು ಗಣಿತಜ್ಞರ ಮೇಲೆ ಹೊರಿಸಿ ಅಧಿಕಾರಸ್ಥರು ನಿಶ್ಚಿಂತರಾಗುವಂತಿಲ್ಲ. ಸಾರ್ವಜನಿಕರ ಹಣದಿಂದ ನಡೆಯುವ ಪ್ರತಿಯೊಂದು ತಂತ್ರಾಂಶವೂ ತನ್ನನ್ನು ಯಾವ ಮಾನದಿಂದ ಅಳೆದುಕೊಳ್ಳುತ್ತಿದೆಯೆಂಬುದನ್ನು ಕನ್ನಡದಲ್ಲಿ, ಪ್ರಜೆಗೆ ಅರ್ಥವಾಗುವಂತೆ ಪ್ರಕಟಿಸಲಿ. ಆ ಮಾನ ಸರಿಯಲ್ಲವೆಂದು ವಾದಿಸುವ ಅವಕಾಶ ಅದನ್ನು ಬಳಸುವವರಿಗೂ ಇರಲಿ. ಲೆಕ್ಕಪರಿಶೋಧನೆಯನ್ನು ಒಪ್ಪಿಕೊಂಡ ಪ್ರಜಾಪ್ರಭುತ್ವಕ್ಕೆ ಇದು ಹೊಸ ಹೊರೆಯೇನೂ ಆಗಲಾರದು.